ಮನೆವಾರ್ತೆ: ಒಂದೇ ಸೂರು, ಎರಡು ಹವೆ



ಚಳಿಗಾಲ ಬಂತೆಂದರೆ ನಮ್ಮ ಮನೆಗಳಲ್ಲಿ ಒಂದು ಪುಟ್ಟ ಕುರುಕ್ಷೇತ್ರ ತಯಾರಾಗುತ್ತದೆ. ರಣರಂಗವೆಂದರೆ ಹಾಲಿನ ಗೋಡೆಯ ಮೇಲಿರುವ ಅಂಗೈಯಗಲದ ಥರ್ಮೋಸ್ಟ್ಯಾಟ್. ಯಜಮಾನರು ಗ್ಯಾಸಿನ ಬಿಲ್ಲನ್ನು ನೆನೆದು 66ಕ್ಕೆ ಇಳಿಸುತ್ತಾರೆ. ಊರಿನಿಂದ ಬಂದ ಅತ್ತೆಯವರು ಶಾಲು ಹೊದ್ದು ಸುಮ್ಮನೆ ಕೂರುತ್ತಾರೆ. ಸೊಸೆ ಅದನ್ನು ನೋಡಲಾರದೆ 72ಕ್ಕೆ ಏರಿಸುತ್ತಾಳೆ. ಮಹಡಿಯ ಮೇಲಿನ ಮಗರಾಯ ಸೆಕೆಯೆಂದು ಕಿಟಕಿ ತೆರೆಯುತ್ತಾನೆ! ಕಳೆದ ದೀಪಾವಳಿ ಕೂಟದಲ್ಲಿ ನಾಲ್ಕಾರು ಮಂದಿ ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: "ಮನೆಗೆ ಝೋನಿಂಗ್ ಹಾಕಿಸಿದರೆ ಈ ಜಗಳ ತೀರೀತೆ?" ಈ ಸಲದ ಅಂಕಣ ಅದಕ್ಕೇ ಮೀಸಲು.

ನಮ್ಮ ಮನೆಯ ಕತೆಯಿಂದಲೇ ತೊಡಗುತ್ತೇನೆ. 2019ರ ಜನವರಿ 30ರ ಬೆಳಗಿನ ಜಾವ. ಶಿಕಾಗೊದ ಓಹೇರ್ ವಿಮಾನ ನಿಲ್ದಾಣದಲ್ಲಿ ಅಂದು ಸೊನ್ನೆಗಿಂತ 23 ಡಿಗ್ರಿ ಕೆಳಗೆ. ನೇಪರ್‌ವಿಲ್‌ನ ನಮ್ಮ ಮನೆಯಲ್ಲಿ ಅಡುಗೆಮನೆಯ ದೀಪ ಕಂಡು ಮೆಟ್ಟಿಲಿಳಿದು ಬಂದೆ. ಅಮ್ಮ ಒಲೆಯ ಮೇಲೆ ನೀರು ಕಾಯಲಿಟ್ಟು, ಅದರ ಹಬೆಗೆ ಕೈಯೊಡ್ಡಿ ನಿಂತಿದ್ದರು. "ನಿದ್ದೆ ಬರಲಿಲ್ಲ ಕಣೋ, ನೀನು ಹೋಗಿ ಮಲಕ್ಕೋ" ಎಂದರು. ಅವರ ಕೋಣೆಯಲ್ಲಿ ಥರ್ಮಾಮೀಟರ್ ಇಟ್ಟು ನೋಡಿದರೆ 58 ಡಿಗ್ರಿ! ಹಾಲಿನ ಥರ್ಮೋಸ್ಟ್ಯಾಟ್ ಮಾತ್ರ 70 ಎಂದು ತೋರಿಸುತ್ತ ನಿಶ್ಚಿಂತೆಯಿಂದಿತ್ತು.

ಅದೇ ದಿನ ಮಿಷಿಗನ್ನಿನ ಮಕೋಂಬ್ ಕೌಂಟಿಯಲ್ಲಿ ಗ್ಯಾಸ್ ಕಂಪ್ರೆಸರ್ ಕೇಂದ್ರವೊಂದಕ್ಕೆ ಬೆಂಕಿ ಬಿತ್ತು. ಅಂದು ರಾತ್ರಿ ಗವರ್ನರ್ ವಿಟ್ಮರ್ ಅವರು ಥರ್ಮೋಸ್ಟ್ಯಾಟನ್ನು 65ಕ್ಕೆ ಅಥವಾ ಅದಕ್ಕಿಂತ ಕೆಳಗೆ ಇಳಿಸಿರೆಂದು ಕೋರಿದರು. ಡೆಟ್ರಾಯಿಟ್ ಕಡೆಯ ನಮ್ಮವರೂ ಇಳಿಸಿದರು. ಇಳಿಸಬೇಕಾದ್ದೇ. ಆದರೆ ಹಾಲಿನಲ್ಲಿ 65 ಎಂದರೆ ಅಜ್ಜಿಯ ಕೋಣೆಯಲ್ಲಿ ಎಷ್ಟು? ವಯಸ್ಸಾದವರ ಮೈಶಾಖ ಅಪಾಯಕರವಾಗಿ ಕುಸಿಯಲು ಒಳಗಿನ 60-65 ಡಿಗ್ರಿಯೂ ಸಾಕು, ಅವರಿರುವೆಡೆ 68ಕ್ಕೆ ಕಡಮೆ ಬೇಡ ಎಂದು ಇಲ್ಲಿನ ಸರಕಾರದ ವೃದ್ಧಾಪ್ಯ ಸಂಶೋಧನಾ ಸಂಸ್ಥೆಯೇ ಹೇಳುತ್ತದೆ. ಬೇಸಿಗೆಯಲ್ಲೂ ಹೀಗೆಯೇ. 1995ರ ಜುಲೈಯಲ್ಲಿ ಮಿಡ್‌ವೇ ವಿಮಾನ ನಿಲ್ದಾಣದಲ್ಲಿ 106 ಡಿಗ್ರಿ ಏರಿದಾಗ ಶಿಕಾಗೊದಲ್ಲಿ 700ಕ್ಕೂ ಹೆಚ್ಚು ಜನ ಸತ್ತರು. ಬಹುಪಾಲು ಮುದುಕರು. ಆದ್ದರಿಂದ ಇದು ಬರಿಯ ಸುಖದ ಮಾತಲ್ಲ.

ಥರ್ಮೋಸ್ಟ್ಯಾಟಿಗೆ ತಾನು ನೇತಾಡುವ ಗೋಡೆಯ ಹೊರತು ಬೇರೆ ಪ್ರಪಂಚ ತಿಳಿಯದು. ನಮ್ಮಲ್ಲಿ ಅದು ಅಡುಗೆಮನೆಯ ಪಕ್ಕ. ಸಾರಿಗೆ ಒಗ್ಗರಣೆ ಬಿದ್ದರೂ ಸಾಕು, ಮನೆಯೆಲ್ಲ ಬೆಚ್ಚಗಾಯಿತೆಂದು ಫರ್ನೇಸನ್ನು ನಿಲ್ಲಿಸಿಬಿಡುತ್ತದೆ. ಈ ಕೊರತೆಯನ್ನು ಮೊದಲು ಕಂಡವರಲ್ಲಿ ನಮ್ಮ ನೆರೆಯ ವಿಸ್ಕಾನ್ಸಿನ್ನಿನ ವಾರೆನ್ ಜಾನ್ಸನ್ ಎಂಬ ಮೇಷ್ಟರೂ ಒಬ್ಬರು. 1883ರಲ್ಲಿ ಕೋಣೆಯ ಥರ್ಮೋಸ್ಟ್ಯಾಟಿಗೂ, 1895ರಲ್ಲಿ ಕೋಣೆಕೋಣೆಗೂ ಬೇರೆ ಶಾಖ ಇಡುವ ಗಾಳಿಯೊತ್ತಡದ ವ್ಯವಸ್ಥೆಗೂ ಅವರು ಪೇಟೆಂಟ್ ಪಡೆದರು.

ಈಗಿನ ಝೋನಿಂಗ್ ಎಂದರೆ ಇಷ್ಟು: ಮನೆಯನ್ನು ಎರಡು-ಮೂರು ಭಾಗ ಮಾಡಿ, ಒಂದೊಂದಕ್ಕೂ ಬೇರೆ ಥರ್ಮೋಸ್ಟ್ಯಾಟ್ ಇಡುವುದು. ಡಕ್ಟಿನೊಳಗೆ ಮೋಟಾರಿನಿಂದ ತಿರುಗುವ ತಗಡಿನ ಬಾಗಿಲು, ಅದೇ ಡ್ಯಾಂಪರ್. ಯಾವ ಭಾಗ ಶಾಖ ಬೇಡುತ್ತದೋ ಅದರ ಬಾಗಿಲು ತೆರೆಯುತ್ತದೆ, ಉಳಿದವು ಮುಚ್ಚುತ್ತವೆ.

ಕೇಳಲು ಚೆಂದ. ತೊಡಕಿರುವುದು ಬೇಸ್ಮೆಂಟಿನಲ್ಲಿ. 3 ಟನ್ನಿನ ಏರ್ ಕಂಡಿಷನರ್ ಇದೆಯೆನ್ನಿ. ಟನ್ನಿಗೆ ಸುಮಾರು 400ರಂತೆ ನಿಮಿಷಕ್ಕೆ 1200 ಘನ ಅಡಿ ಗಾಳಿ ಅದರ ಮೂಲಕ ಹರಿಯಬೇಕು. ಒಂದು ಮಲಗುವ ಕೋಣೆಯ ಡಕ್ಟು ನೂರು ಘನ ಅಡಿ ಒಯ್ದರೆ ಹೆಚ್ಚು. ಅದೊಂದನ್ನೇ ತೆರೆದಿಟ್ಟರೆ, ಹನ್ನೆರಡು ಜನಕ್ಕೆ ಬೇಯಿಸಿದ ಅನ್ನವನ್ನು ಒಬ್ಬರ ಎಲೆಗೆ ಸುರಿದಂತೆ. ಬೇಸಿಗೆಯಲ್ಲಿ ಕಾಯಿಲಿನ ಮೇಲೆ ಹಿಮ ಕಟ್ಟುತ್ತದೆ, ಚಳಿಗಾಲದಲ್ಲಿ ಫರ್ನೇಸು ಅತಿಯಾಗಿ ಕಾದು ಮತ್ತೆ ಮತ್ತೆ ಆರುತ್ತದೆ. ಬಳಸದ ಕೋಣೆಗಳ ಗಾಳಿಕಿಂಡಿಗಳನ್ನೆಲ್ಲ ಕೈಯಿಂದ ಮುಚ್ಚಿ "ನಾನೇ ಝೋನಿಂಗ್ ಮಾಡಿಕೊಂಡೆ" ಎನ್ನುವ ಮಿತ್ರರೂ ಇದನ್ನು ಗಮನಿಸಬೇಕು.

ನಮ್ಮ ಮನೆಗೆ ಬಂದ ಮೊದಲನೆಯ ಮಹಾಶಯ ಹತ್ತು ನಿಮಿಷದಲ್ಲಿ ಮೂರು ಝೋನುಗಳ ಅಂದಾಜು ಪತ್ರ ಬರೆದುಕೊಟ್ಟ. ಬೇಸ್ಮೆಂಟಿಗೆ ಇಳಿಯಲೇ ಇಲ್ಲ. ಎರಡನೆಯವನು ಪ್ರತಿ ಕೋಣೆಯ ಗಾಳಿಯನ್ನೂ ಅಳೆದ. ಆಮೇಲೆ ಅಮ್ಮನ ಕೋಣೆಯ ಕೆಳಗಿನ ತೆವಳುಜಾಗಕ್ಕೆ ನುಸುಳಿ ಕರೆದ. ನೋಡಿದರೆ ಆ ಕೋಣೆಗೆ ಹೋಗುವ ಡಕ್ಟಿನ ಕೀಲೇ ಕಳಚಿತ್ತು! ಎಷ್ಟೋ ವರ್ಷಗಳಿಂದ ನಾವು ಇಲಿಗಳಿಗೆ ಬಿಸಿಗಾಳಿ ಹಾಕುತ್ತಿದ್ದೆವು. ಕೀಲು ಬಿಗಿದು, ಸಂದಿಗೆ ಮೆತ್ತಿ, ನೆಲದಡಿಗೂ ಅಟ್ಟಕ್ಕೂ ಇನ್ಸುಲೇಶನ್ ಹಾಕಿಸಿದೆವು. ಈಗ ಆ ಕೋಣೆಗೂ ಹಾಲಿಗೂ ಎರಡೇ ಡಿಗ್ರಿ ಅಂತರ. ನಮಗೆ ಝೋನಿಂಗ್ ಬೇಕಾಗಲಿಲ್ಲ. ತೂತು ಮಡಕೆಗೆ ಬಂಗಾರದ ಮುಚ್ಚಳ ಯಾಕೆ?

ಹಾಗೆಂದು ಯಾರಿಗೂ ಬೇಡವೆಂದಲ್ಲ. ಡೆಟ್ರಾಯಿಟ್ ಸಮೀಪದ ಟ್ರಾಯ್‌ನಲ್ಲಿ ಸ್ನೇಹಿತರೊಬ್ಬರದು ಎರಡಂತಸ್ತಿನ ಮನೆ. ಮಹಡಿಗೆ ಹೋಗುವ ಮುಖ್ಯ ಡಕ್ಟೇ ಬೇರೆ. ಫರ್ನೇಸು ಕಡಮೆ ಉರಿಯಲ್ಲೂ ನಡೆಯಬಲ್ಲ ಎರಡು ಹಂತದ್ದು. ತಂದೆತಾಯಿ ಹಗಲೆಲ್ಲ ಕೆಳಗೆ, ಮಿಕ್ಕವರು ಕೆಲಸಕ್ಕೆ, ಶಾಲೆಗೆ. ಎರಡೇ ಝೋನು ಮಾಡಿಸಿ ಹಗಲು ಕೆಳಗೆ 70, ಮೇಲೆ 62 ಇಡುತ್ತಾರೆ. ಅವರಿಗದು ಹೇಳಿ ಮಾಡಿಸಿದಂತಿದೆ.

ಹಾಗಾದರೆ ನಿರ್ಧರಿಸುವುದು ಹೇಗೆ? ನಾಲ್ಕು ಪ್ರಶ್ನೆ ಕೇಳಿಕೊಳ್ಳಿ.

1. ಮನೆಯ ಎರಡು ಭಾಗಗಳನ್ನು ಬೇರೆ ಬೇರೆ ಹೊತ್ತಿನಲ್ಲಿ ಬಳಸುತ್ತೀರಾ? ಎಲ್ಲರೂ ಎಲ್ಲ ಕಡೆ ಓಡಾಡುವ ಮನೆಗೆ ಲಾಭ ಅಷ್ಟಕ್ಕಷ್ಟೆ.

2. ಮಹಡಿಯ ಡಕ್ಟುಗಳು ಬೇಸ್ಮೆಂಟಿನಲ್ಲೇ ಬೇರೆಯಾಗಿವೆಯೆ? ಇಲ್ಲದಿದ್ದರೆ ಗೋಡೆ ಒಡೆಯಬೇಕಾದೀತು.

3. ಯಂತ್ರ ನಿಧಾನವಾಗಿ ನಡೆಯಬಲ್ಲದೆ? ಒಂದೇ ವೇಗದ್ದಾದರೆ, ಅದನ್ನು ಬದಲಿಸುವ ಕಾಲ ಬಂದಾಗ ಝೋನಿಂಗ್ ಯೋಚಿಸುವುದು ಮೇಲು.

4. ನಡುವೆ ಎರಡಂತಸ್ತಿನೆತ್ತರದ ತೆರೆದ ಹಾಲಿದೆಯೆ? ಇದ್ದರೆ ಗಾಳಿ ನಿಮ್ಮ ಗಡಿರೇಖೆಯನ್ನು ಲೆಕ್ಕಕ್ಕಿಡದು.

ಶಿಕಾಗೊ ನಗರದೊಳಗಿನ ಹಳೆಯ ಬಂಗಲೆಗಳಲ್ಲಿ ಬಿಸಿನೀರಿನ ರೇಡಿಯೇಟರ್ ಇರುವವರಿಗೆ ಕೆಲಸ ಸುಲಭ: ರೇಡಿಯೇಟರಿಗೊಂದು ಥರ್ಮೋಸ್ಟ್ಯಾಟ್ ವಾಲ್ವು ಸಾಕಾದೀತು. ಗರಾಜಿನ ಮೇಲಿನ ಒಂದೇ ಕೋಣೆ ತೊಂದರೆ ಕೊಡುತ್ತಿದ್ದರೆ, ಡಕ್ಟಿಲ್ಲದ ಮಿನಿ-ಸ್ಪ್ಲಿಟ್ ಯಂತ್ರವನ್ನು ಅಲ್ಲಿಗಷ್ಟೇ ಹಾಕಿಸುವುದು ಜಾಣತನ. ಅಲ್ಲಿಯವರೆಗೆ ಸ್ಪೇಸ್ ಹೀಟರ್ ಇಟ್ಟರೆ ಹೊದಿಕೆ, ಸೀರೆಯ ಸೆರಗಿನಿಂದ 3 ಅಡಿ ದೂರವಿರಲಿ. ಎಕ್ಸ್‌ಟೆನ್ಷನ್ ತಂತಿಗೆ ಸಿಕ್ಕಿಸಬೇಡಿ. ಮಲಗುವಾಗ ಆರಿಸಿ.

ಕೊನೆಯ ಮಾತು. ಯಾರನ್ನೂ ಕರೆಯುವ ಮೊದಲು ಪ್ರತಿ ಕೋಣೆಗೂ ಒಂದು ಅಗ್ಗದ ಥರ್ಮಾಮೀಟರ್ ಇಟ್ಟು, ಒಂದು ವಾರ ಬೆಳಿಗ್ಗೆ, ರಾತ್ರಿ ಬರೆದಿಡಿ. ಮಕ್ಕಳಿಗೆ ಈ ಕೆಲಸ ಒಪ್ಪಿಸಿದರೆ ಉತ್ಸಾಹದಿಂದ ಮಾಡುತ್ತಾರೆ. ಆ ಚೀಟಿಯನ್ನು ಬಂದವನ ಕೈಗಿಡಿ. ಬೇಸ್ಮೆಂಟಿಗೆ ಇಳಿಯದೆ ಅಂದಾಜು ಬರೆಯುವವನಿಗೆ ಒಂದು ಲೋಟ ಕಾಫಿ ಕೊಟ್ಟು ಕಳಿಸಿಬಿಡಿ.

ಮೊದಲ ಥರ್ಮಾಮೀಟರನ್ನು ಹಿರಿಯರ ಕೋಣೆಯಲ್ಲಿಡಿ. ಮಗನ ಮನೆಯಲ್ಲಿ ಚಳಿಯಾಗುತ್ತದೆಂದು ಬಾಯಿಬಿಟ್ಟು ಹೇಳುವ ತಾಯಿಯನ್ನು ನಾನಂತೂ ಇದುವರೆಗೆ ಕಂಡಿಲ್ಲ.