ನಾಯಿಮರಿಗೆ ಡಾಕ್ಟರ್ ಹುಡುಕುವ ಮುನ್ನ...

ಮನೆಗೆ ಮುದ್ದಾದ ನಾಯಿಮರಿ ಬಂದಿದೆಯೇ? ಹುಷಾರು ತಪ್ಪಿದಾಗ ಪರದಾಡುವ ಬದಲು ಈಗಲೇ ಹತ್ತಿರದ ಎರಡು-ಮೂರು ಕ್ಲಿನಿಕ್ ನೋಡಿ ಬನ್ನಿ. ಎ.ಸಿ., ಸೋಫಾ, ಶಾಂಪೂ ಸ್ನಾನಕ್ಕೆ ಮರುಳಾಗಬೇಡಿ. ನೋಡಬೇಕಾದ್ದು ಅಲ್ಲಿನ ಫ್ರಿಜ್! ಲಸಿಕೆಯನ್ನು 2ರಿಂದ 8 ಡಿಗ್ರಿ ತಂಪಿನಲ್ಲೇ ಇಡಬೇಕು. ಕರೆಂಟ್ ಹೋದರೆ ಏನು ಮಾಡ್ತೀರಿ ಅಂತ ಸಂಕೋಚಪಡದೆ ಕೇಳಿ. ಮೂರು ತಿಂಗಳಿಗೆ ಹಾಕಿಸುವ ರೇಬಿಸ್ ಲಸಿಕೆ ಕೆಟ್ಟಿದ್ದರೆ ದುಡ್ಡು ದಂಡವಾಗುವುದಷ್ಟೇ ಅಲ್ಲ, ಜೊತೆಗೆ ಆಡುವ ಮಕ್ಕಳ ಜೀವಕ್ಕೂ ಅಪಾಯ. ವೈದ್ಯರು ಪಶುವೈದ್ಯಕೀಯ ಪರಿಷತ್ತಿನಲ್ಲಿ ನೋಂದಾಯಿಸಿದ್ದಾರಾ, ರಾತ್ರಿ ಫೋನ್ ಎತ್ತುತ್ತಾರಾ ಎಂದೂ ವಿಚಾರಿಸಿ. ದೊಡ್ಡ ಕಾಯಿಲೆಗೆ ಬೆಂಗಳೂರಿನವರಿಗೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದ್ದೇ ಇದೆ. ದಿನನಿತ್ಯಕ್ಕೆ ಮಾತ್ರ, ಫೀಸು ಸ್ವಲ್ಪ ಹೆಚ್ಚಾದರೂ ಸರಿ, ನೀವು ಹೇಳಿದ್ದನ್ನು ಪೂರ್ತಿ ಕೇಳಿಸಿಕೊಳ್ಳುವ ಡಾಕ್ಟರೇ ಇರಲಿ. ಮೂಕಪ್ರಾಣಿಯ ಪರವಾಗಿ ಮಾತಾಡಬೇಕಾದವರು ನೀವೇ ತಾನೆ?