ಮುದಿ ಹಡಗಿನ ಕೊನೆಯ ಸರಕು

ಹಡಗು ಮುಳುಗಿದಾಗ ಎಲ್ಲರೂ ಬಿರುಗಾಳಿಯನ್ನು ಬಯ್ಯುತ್ತಾರೆ. ಗಾಳಿಗೆ ವಕೀಲರಿಲ್ಲ, ಹೊರಿಸಿದ ತಪ್ಪನ್ನು ಅದು ಅಲ್ಲಗಳೆಯುವುದೂ ಇಲ್ಲ. ಅಮೆರಿಕದ ಮಿಚಿಗನ್ ಸರೋವರದಲ್ಲಿ 1912ರ ನವೆಂಬರಿನಲ್ಲಿ ಮುಳುಗಿದ ‘ರೌಸ್ ಸಿಮನ್ಸ್’ ಎಂಬ ಸ್ಕೂನರ್ ಹಡಗಿನ ಕಥೆಯನ್ನೂ ಜನ ಹಾಗೆಯೇ ಹೇಳುತ್ತ ಬಂದಿದ್ದಾರೆ. ನಾವು ಗಾಳಿಯನ್ನು ಬಿಟ್ಟು ಹಡಗಿನ ವಯಸ್ಸನ್ನು ಕೇಳುತ್ತೇವೆ.

ಮರದಿಂದ ಮಾಡಿದ, ಮೂರು ಕಂಬದ ಈ ಹಾಯಿಹಡಗನ್ನು 1868ರಲ್ಲಿ ಮಿಲ್ವಾಕಿ ನಗರದಲ್ಲಿ ಕಟ್ಟಿದರು. ಉದ್ದ ಸುಮಾರು 123 ಅಡಿ. ಸ್ಕೂನರಿನ ಹಾಯಿಗಳನ್ನು ನಡೆಸಲು ಕಡಮೆ ಆಳು ಸಾಕು. ಆಳು ಕಡಮೆಯಾದರೆ ಸಂಬಳದ ಖರ್ಚೂ ಕಡಮೆ. ಮಾಲೀಕರು ಮೆಚ್ಚಿದ್ದು ಇದನ್ನೇ. ಮರದ ವ್ಯಾಪಾರದಲ್ಲಿ ಭಾರಿ ಶ್ರೀಮಂತನಾದ ಮಸ್ಕೀಗನ್ ಊರಿನ ಚಾರ್ಲ್ಸ್ ಹ್ಯಾಕ್ಲಿ ಹಲವು ವರ್ಷ ಇದರಲ್ಲಿ ಹಲಗೆ ಸಾಗಿಸಿದ. ಕಾಡು ಕರಗಿತು. ಹ್ಯಾಕ್ಲಿ ಊರಿಗೆ ಪುಸ್ತಕಾಲಯ, ಆಸ್ಪತ್ರೆ ಕಟ್ಟಿಸಿಕೊಟ್ಟು ಹೆಸರು ಉಳಿಸಿಕೊಂಡ. ಹಡಗು ಕೈಯಿಂದ ಕೈಗೆ ಹೋಯಿತು. ಒಳ್ಳೆಯ ಬಾಡಿಗೆಯ ಸರಕೆಲ್ಲ ಉಗಿಹಡಗು, ರೈಲುಗಳ ಪಾಲಾಯಿತು.

ಕೊನೆಗೆ ಇದರಲ್ಲಿ ಒಂದು ಪಾಲು ಹಿಡಿದವನು ಕಪ್ತಾನ ಹರ್ಮನ್ ಶ್ಯೂನೆಮನ್. ಇವನು ಬಂಡವಾಳಗಾರನಲ್ಲ, ಸಣ್ಣ ವ್ಯಾಪಾರಿ. ವರ್ಷವರ್ಷವೂ ಚಳಿಗಾಲದ ಬಾಗಿಲಲ್ಲಿ ಉತ್ತರದ ಕಾಡುಗಳಿಂದ ಕ್ರಿಸ್‌ಮಸ್ ಮರಗಳನ್ನು ತಂದು, ಷಿಕಾಗೋದ ಕ್ಲಾರ್ಕ್ ಬೀದಿಯ ಸೇತುವೆಯ ಬಳಿ ಹಡಗು ಕಟ್ಟಿ, ನೇರವಾಗಿ ಜನರಿಗೇ ಮಾರುತ್ತಿದ್ದ. ಇದೇ ವ್ಯಾಪಾರದಲ್ಲಿ 1898ರಲ್ಲಿ ಅವನ ಅಣ್ಣ ಆಗಸ್ಟ್ ಹಡಗಿನೊಡನೆ ಮುಳುಗಿದ್ದ. ಅದನ್ನು ತಿಳಿದೂ ತಮ್ಮ ಬಿಡಲಿಲ್ಲ. ಬಿಟ್ಟರೆ ಹೊಟ್ಟೆಪಾಡು ಹೇಗೆ?

1912ರ ನವೆಂಬರ್ 22ರಂದು, 44 ವರ್ಷದ ಆ ಹಡಗು ಸಾವಿರಾರು ಮರಗಳನ್ನು ಹೊಟ್ಟೆಯಲ್ಲೂ ಮೇಲೂ ತುಂಬಿಕೊಂಡು ಥಾಂಪ್ಸನ್ ಬಂದರನ್ನು ಬಿಟ್ಟಿತು. ಮರುದಿನ ಮಧ್ಯಾಹ್ನ ಕೆವಾನಿಯ ಜೀವರಕ್ಷಕ ಠಾಣೆಯವರು ದೂರದಲ್ಲಿ ಅದರ ಅಪಾಯದ ಬಾವುಟವನ್ನು ಕಂಡರು. ಬೆನ್ನಟ್ಟಿ ಹೋಗಲು ಅವರಲ್ಲಿ ಯಂತ್ರದ ದೋಣಿಯಿರಲಿಲ್ಲ. ದಕ್ಷಿಣದ ಟೂ ರಿವರ್ಸ್ ಠಾಣೆಗೆ ಟೆಲಿಫೋನು ಮಾಡಿದರು. ಅಲ್ಲಿಂದ ಯಂತ್ರದ ದೋಣಿ ಹೊರಟಿತು, ಹಡಗು ಸಿಗಲಿಲ್ಲ. ಅದರಲ್ಲಿದ್ದ ಒಬ್ಬರೂ ಬದುಕಲಿಲ್ಲ. 1971ರಲ್ಲಿ ಮುಳುಗುಗಾರನೊಬ್ಬ ಸುಮಾರು 165 ಅಡಿ ಆಳದಲ್ಲಿ ಅದನ್ನು ಕಂಡಾಗ ಹೊಟ್ಟೆಯಲ್ಲಿ ಮರಗಳು ಇನ್ನೂ ಇದ್ದವು.

ತಪ್ಪು ಕಪ್ತಾನನದೆಂದು ಸುಲಭವಾಗಿ ಹೇಳಬಹುದು. ಖಲಾಸಿಗಳ ಜೀವ ಅವನ ಕೈಯಲ್ಲಿತ್ತು. ಆ ಹೊಣೆಯಿಂದ ಅವನನ್ನು ನಾವು ಬಿಡಿಸುವುದಿಲ್ಲ. ಆದರೆ ಹಡಗು ಹರೆಯದಲ್ಲಿದ್ದಾಗ ಲಾಭವುಂಡವರು ಬೇರೆ, ಮುಪ್ಪಿನಲ್ಲಿ ಅದರೊಡನೆ ಮುಳುಗಿದವರು ಬೇರೆ. ಹೊಸ ಹಡಗು ಕೊಳ್ಳಲು ಹಣವಿಲ್ಲದ ಸಣ್ಣ ವ್ಯಾಪಾರಿಯೂ ಬೇರೆ ಕೆಲಸ ಸಿಗದ ಕೂಲಿಯಾಳೂ ಒಂದೇ ನೀರಿನಲ್ಲಿ ಸತ್ತರು.

ಇದನ್ನು ವಿಧಿಯೆನ್ನಲು ನಾವು ಒಪ್ಪುವುದಿಲ್ಲ. ಖಲಾಸಿಗಳ ಸಂಘದ ನಾಯಕ ಆಂಡ್ರೂ ಫ್ಯೂರುಸೆತ್ ಹಲವು ವರ್ಷ ಹೋರಾಡಿದ; ವಿಸ್ಕಾನ್ಸಿನ್ನಿನ ಸೆನೆಟರ್ ಲಾ ಫಾಲೆಟ್ ಅವನಿಗೆ ಹೆಗಲು ಕೊಟ್ಟ. 1915ರಲ್ಲಿ ಅಮೆರಿಕದಲ್ಲಿ ನಾವಿಕರ ಕಾಯಿದೆ ಬಂತು. ಜೀವರಕ್ಷಕ ದೋಣಿಗಳ ಬಗ್ಗೆ ನಿಯಮವಾಯಿತು. ಹಡಗು ಬಿಟ್ಟ ಖಲಾಸಿಯನ್ನು ಸೆರೆಗೆ ತಳ್ಳುವ ಪದ್ಧತಿ ಕೊನೆಗೊಂಡಿತು. ಗಾಳಿ ಬದಲಾಗಲಿಲ್ಲ, ಕಾನೂನು ಬದಲಾಯಿತು.

ಗಿರಣಿಯಲ್ಲಿ ಸವೆದ ಯಂತ್ರ ಕೈ ಕತ್ತರಿಸಿದಾಗ ‘ಆಕಸ್ಮಿಕ’ ಎಂದು ಬರೆದುಕೊಳ್ಳುತ್ತಾರೆ. ಆಗ ನಮ್ಮ ಗೆಳೆಯರು ಕೇಳಬೇಕಾದ ಮೊದಲ ಪ್ರಶ್ನೆ ಇದು: ಈ ಯಂತ್ರಕ್ಕೆ ವಯಸ್ಸೆಷ್ಟು, ಇದರಿಂದ ಈವರೆಗೆ ಲಾಭವುಂಡವರು ಯಾರು?