ವಸಡಿನ ರೋಗ ಮತ್ತು ದೇಹದ ಉರಿಯೂತ: ಯಳಂದೂರು ತಾಲ್ಲೂಕಿನ ನಾಗರಿಕರ ಗಮನಕ್ಕೆ

ರಾಜ್ಯ ಸರ್ಕಾರವು 2014ರಲ್ಲಿ ದಂತಭಾಗ್ಯ ಯೋಜನೆಯನ್ನು ಜಾರಿಗೆ ತಂದು, ಬಡತನ ರೇಖೆಗಿಂತ ಕೆಳಗಿರುವ ಹಿರಿಯ ನಾಗರಿಕರಿಗೆ ಕೃತಕ ದಂತಪಂಕ್ತಿಯನ್ನು ಉಚಿತವಾಗಿ ಒದಗಿಸುವ ವ್ಯವಸ್ಥೆ ಮಾಡಿತು. ಹಲ್ಲು ಕಳೆದುಕೊಂಡವರಿಗೆ ಇದು ಉಪಯುಕ್ತ ಸೌಲಭ್ಯವೇ ಸರಿ. ಆದರೆ ವಯಸ್ಸಾದಂತೆ ಹಲ್ಲು ಬೀಳುವುದು ಸಹಜವೆಂಬ ನಂಬಿಕೆ ಸರಿಯಲ್ಲ. ವಯಸ್ಕರು ಹಲ್ಲು ಕಳೆದುಕೊಳ್ಳಲು ವಸಡಿನ ರೋಗವು ಒಂದು ಪ್ರಮುಖ ಕಾರಣವಾಗಿದೆ. ವಿಶ್ವ ಆರೋಗ್ಯ ಸಂಸ್ಥೆಯ 2022ರ ವರದಿಯ ಪ್ರಕಾರ, ತೀವ್ರ ಸ್ವರೂಪದ ವಸಡಿನ ರೋಗವುಳ್ಳವರ ಸಂಖ್ಯೆ ವಿಶ್ವದಲ್ಲಿ ಸುಮಾರು 100 ಕೋಟಿ.

ರೋಗದ ಸ್ವರೂಪ

ಹಲ್ಲಿನ ಬುಡದಲ್ಲಿ ಸಂಗ್ರಹವಾಗುವ ಸೂಕ್ಷ್ಮಾಣುಗಳ ಪದರದಿಂದ ವಸಡು ಕೆಂಪಾಗಿ ಊದಿಕೊಂಡು, ಹಲ್ಲುಜ್ಜುವಾಗ ರಕ್ತ ಒಸರುತ್ತದೆ. ಈ ಹಂತದಲ್ಲಿ ರೋಗವು ಪೂರ್ಣವಾಗಿ ಗುಣವಾಗುತ್ತದೆ. ನಿರ್ಲಕ್ಷಿಸಿದಲ್ಲಿ ಹಲ್ಲಿಗೆ ಆಧಾರವಾದ ಮೂಳೆ ಸವೆಯುತ್ತದೆ. ಸವೆದ ಮೂಳೆ ತಾನಾಗಿಯೇ ಮತ್ತೆ ಬೆಳೆಯುವುದಿಲ್ಲ. ಬೀಡಿ, ಸಿಗರೇಟು ಸೇದುವವರಲ್ಲಿ ರಕ್ತಸ್ರಾವ ಕಡಿಮೆ ಕಾಣುವುದರಿಂದ ರೋಗವು ಅರಿವಿಗೆ ಬಾರದೆ ಉಳಿಯಬಹುದು. ಕಡ್ಡಿಪುಡಿ ಜಗಿಯುವುದೂ ವಸಡಿಗೆ ಹಾನಿಕರ.

ಮಧುಮೇಹದೊಡನೆ ಸಂಬಂಧ

ವಸಡಿನ ಉರಿಯೂತವು ಬಾಯಿಗಷ್ಟೇ ಸೀಮಿತವಲ್ಲ. ಉರಿಯೂತಕಾರಕ ಅಂಶಗಳು ರಕ್ತವನ್ನು ಸೇರಿ ಇನ್ಸುಲಿನ್ ಕಾರ್ಯಕ್ಕೆ ಅಡ್ಡಿಯಾಗುತ್ತವೆ. ಸಕ್ಕರೆ ಅಂಶ ಹೆಚ್ಚಿದಲ್ಲಿ ವಸಡಿನ ರೋಗವೂ ಉಲ್ಬಣಿಸುತ್ತದೆ. ಮಧುಮೇಹಿಗಳಲ್ಲಿ ವಸಡಿನ ಚಿಕಿತ್ಸೆಯ ಮೂರು-ನಾಲ್ಕು ತಿಂಗಳ ನಂತರ, ಸರಾಸರಿ ಸಕ್ಕರೆಯನ್ನು ಸೂಚಿಸುವ ಎಚ್‌ಬಿಎ1ಸಿ ಪ್ರಮಾಣವು ಸುಮಾರು 0.4ರಷ್ಟು, ಉದಾಹರಣೆಗೆ 8.5ರಿಂದ 8.1ಕ್ಕೆ, ಇಳಿಯುವುದು ಅಧ್ಯಯನಗಳಿಂದ ತಿಳಿದುಬಂದಿದೆ. ಇದು ಔಷಧಕ್ಕೆ ಬದಲಿಯಲ್ಲ, ಪೂರಕ ಮಾತ್ರ. ಹೃದ್ರೋಗದೊಡನೆಯೂ ಸಂಬಂಧ ಕಂಡುಬಂದಿದೆಯಾದರೂ, ವಸಡಿನ ರೋಗವೇ ಅದಕ್ಕೆ ಕಾರಣವೆಂದು ಸಿದ್ಧಪಟ್ಟಿಲ್ಲ.

ತಾಲ್ಲೂಕಿನ ಪೂರ್ವಾನುಭವ

ರೋಗವನ್ನು ಮೊದಲೇ ಗುರುತಿಸುವ ಕಾರ್ಯ ಯಳಂದೂರಿಗೆ ಹೊಸದಲ್ಲ. ಕುಷ್ಠರೋಗ ಹೆಚ್ಚಾಗಿದ್ದ ಈ ತಾಲ್ಲೂಕಿನಲ್ಲಿ 1986ರಲ್ಲಿ ಕರುಣಾ ಟ್ರಸ್ಟ್ ಸ್ಥಾಪನೆಗೊಂಡು ರೋಗ ನಿಯಂತ್ರಣದಲ್ಲಿ ತೊಡಗಿತು. 1996ರಲ್ಲಿ ಗುಂಬಳ್ಳಿ ಪ್ರಾಥಮಿಕ ಆರೋಗ್ಯ ಕೇಂದ್ರದ ನಿರ್ವಹಣೆಯನ್ನೂ ವಹಿಸಿಕೊಂಡಿತು. ಅಂಗವಿಕಲತೆ ಉಂಟಾದ ನಂತರದ ನೆರವಿಗಿಂತ ಮೊದಲೇ ನೀಡುವ ಚಿಕಿತ್ಸೆ ಮೇಲೆಂಬ ಕುಷ್ಠರೋಗ ನಿಯಂತ್ರಣದ ಪಾಠವು ವಸಡಿನ ರೋಗಕ್ಕೂ ಅನ್ವಯಿಸುತ್ತದೆ. ದಂತಪಂಕ್ತಿಯು ಕೊನೆಯ ಪರಿಹಾರವೇ ಹೊರತು ಮೊದಲನೆಯದಲ್ಲ.

ನಾಗರಿಕರು ಅನುಸರಿಸಬೇಕಾದ ಕ್ರಮ

1. ವಸಡಿನಲ್ಲಿ ರಕ್ತ, ಊತ ಅಥವಾ ಹಲ್ಲಿನ ಅಲುಗಾಟ ಕಂಡಲ್ಲಿ, ನೋವು ಇಲ್ಲದಿದ್ದರೂ ದಂತ ವೈದ್ಯರನ್ನು ಕಾಣತಕ್ಕದ್ದು.
2. 30 ವರ್ಷ ಮೀರಿದವರು ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಮಧುಮೇಹ ಮತ್ತು ಬಾಯಿಯ ತಪಾಸಣೆಗೆ ಒಳಗಾಗುವಾಗ ವಸಡಿನ ತೊಂದರೆಯನ್ನೂ ತಿಳಿಸುವುದು.
3. ಮಧುಮೇಹಿಗಳು ಹಿಂದಿನ ಸಕ್ಕರೆ ಪರೀಕ್ಷಾ ವರದಿ ಹಾಗೂ ಸೇವಿಸುತ್ತಿರುವ ಔಷಧಗಳ ವಿವರವನ್ನು ದಂತ ವೈದ್ಯರಿಗೆ ಹಾಜರುಪಡಿಸುವುದು.
4. ದಿನಕ್ಕೆ ಎರಡು ಬಾರಿ ಫ್ಲೋರೈಡ್‌ಯುಕ್ತ ಪೇಸ್ಟಿನಿಂದ ಹಲ್ಲುಜ್ಜುವುದು. ಇದ್ದಿಲು, ಇಟ್ಟಿಗೆ ಪುಡಿ ಹಾಗೂ ತಂಬಾಕನ್ನು ತ್ಯಜಿಸುವುದು.